ಐಲಿ ವಾಪಸ್ ಪಡೆದ ಆರು ಅರ್ಜಿಗಳು

ಪ್ರವೇಶ ವಿಭಾಗದ ಮಾನ್ಯ ಮುಖ್ಯಸ್ಥರೇ,

ನಿಮ್ಮ ಕಾಲೇಜಿನ ಮಾತು ನಂಬಿ ನಮ್ಮ ಶಾಲೆಯ ಹುಡುಗಿಯೊಬ್ಬಳು ಬೇರೆ ಆರು ಕಾಲೇಜುಗಳಿಗೆ ಹಾಕಿದ್ದ ಅರ್ಜಿಗಳನ್ನು ಡಿಸೆಂಬರಿನಲ್ಲಿ ವಾಪಸ್ ಪಡೆದಳು. ಮಾರ್ಚಿನಲ್ಲಿ ನೀವು ಅವಳು ಓದಬೇಕಿದ್ದ ವಿಭಾಗವನ್ನೇ ಮುಚ್ಚಿದಿರಿ. ಇದು ಮೋಸ. ಇದಕ್ಕಿಂತ ಸಭ್ಯವಾದ ಪದ ಹುಡುಕಿದೆ, ಸಿಗಲಿಲ್ಲ.

ನಾನು ಉತ್ತರ ಮಿನೆಸೋಟದ ಗಣಿಯೂರೊಂದರ ಪ್ರೌಢಶಾಲೆಯಲ್ಲಿ ಮಕ್ಕಳಿಗೆ ಕಾಲೇಜಿನ ದಾರಿ ತೋರಿಸುವ ಸಲಹೆಗಾರ್ತಿ. ಆ ಹುಡುಗಿ ಐಲಿ ನಿಯೆಮಿ; ಅವಳ ಅಪ್ಪ ಕಬ್ಬಿಣದ ಗಣಿಯಲ್ಲಿ ಲಾರಿ ಓಡಿಸುತ್ತಾರೆ. ಅವಳಿಗೆ ಚಿಕ್ಕಂದಿನಿಂದ ಕಲ್ಲಿನ ಹುಚ್ಚು. ಅಪ್ಪನ ಊಟದ ಡಬ್ಬಿ ದಿನಾ ಸಂಜೆ ಕಲ್ಲು ತುಂಬಿಕೊಂಡು ಮನೆಗೆ ಬರುತ್ತಿತ್ತು. ಭೂವಿಜ್ಞಾನ ಓದಲೆಂದೇ ನಿಮ್ಮ 'ಬದ್ಧ ಪ್ರವೇಶ'ಕ್ಕೆ ಅರ್ಜಿ ಹಾಕಿದಳು. ಸೀಟು ಕೊಟ್ಟರೆ ಬಂದೇ ಬರುತ್ತೇನೆ, ಉಳಿದ ಅರ್ಜಿಗಳನ್ನೆಲ್ಲ ಕೈಬಿಡುತ್ತೇನೆ ಎಂಬ ಕಾಗದಕ್ಕೆ ಅವಳು, ಅವಳ ತಾಯಿ, ನಾನು, ಮೂವರೂ ಸಹಿ ಹಾಕಿದೆವು. ನಿಮ್ಮ ಸಹಿಗೆ ಅದರಲ್ಲಿ ಜಾಗವೇ ಇರಲಿಲ್ಲ. ಇಪ್ಪತ್ತು ವರ್ಷದಿಂದ ಆ ಕಾಗದ ನೋಡುತ್ತಿರುವ ನನ್ನ ಕಣ್ಣಿಗೆ ಅದು ಬೀಳಲಿಲ್ಲವಲ್ಲ, ನನ್ನ ಜಾಣತನಕ್ಕೆ ಏನೆನ್ನಲಿ?

ನಮ್ಮ ಶಾಲೆಯಲ್ಲೊಂದು ರೂಢಿಯಿದೆ. ಸೀಟು ಸಿಕ್ಕ ದಿನವೇ, ನನ್ನ ಮೇಜಿನೆದುರು ಕೂತು, ಕಂಪ್ಯೂಟರಿನಲ್ಲಿ ಒಂದೊಂದೇ ಗುಂಡಿ ಒತ್ತಿ ಉಳಿದ ಅರ್ಜಿಗಳನ್ನು ವಾಪಸ್ ಪಡೆಯಬೇಕು. ಒಬ್ಬರು ಮಾತು ತಪ್ಪಿದರೆ ಮುಂದಿನ ವರ್ಷ ನಮ್ಮೂರ ಮಕ್ಕಳನ್ನು ನಿಮ್ಮಂಥವರು ಅನುಮಾನದಿಂದ ನೋಡುತ್ತಾರೆಂಬ ಭಯ. ಐದು ಮುಗಿಸಿದ ಐಲಿ ಆರನೆಯದಕ್ಕೆ, ಮನೆಗೆ ಹತ್ತಿರದ ಕಾಲೇಜಿನದ್ದಕ್ಕೆ, ಕೈ ತಡೆದಳು.

"ಮಿಸೆಸ್ ಲಿಂಡ್, ಇದೊಂದು ಇರ್ಲಿ ಬಿಡಿ. ಸ್ವಲ್ಪ ದಿನ ಅಷ್ಟೇ."

"ಸಹಿ ಹಾಕಿದ್ಮೇಲೆ ಮುಗೀತು ಕಣಮ್ಮ. ಅವ್ರು ನಮ್ಮನ್ನ ನಂಬಿದಾರೆ. ಒತ್ತು."

ಒತ್ತಿದಳು.

ವಿಭಾಗ ಮುಚ್ಚಿದ ಸುದ್ದಿ ಹೊತ್ತು ಬಂದ ನಿಮ್ಮ ಪತ್ರಕ್ಕೆ ಅದೆಂಥ ಉತ್ಸಾಹ! 'ಹೊಸ ಸಾಧ್ಯತೆಗಳಿಗೆ ಸ್ವಾಗತ' ಎಂದು ಬರೆದು, ವ್ಯಾಪಾರ ನಿರ್ವಹಣೆಯಲ್ಲಿ ಅವಳಿಗೊಂದು ಸೀಟು ದಯಪಾಲಿಸಿದ್ದೀರಿ. ನಿಮ್ಮ ಕಚೇರಿಗೆ ಫೋನ್ ಮಾಡಿ, ಡಿಸೆಂಬರಿನಲ್ಲೇ ಇದು ಗೊತ್ತಿತ್ತೇ ಎಂದು ಕೇಳಿದೆ. ಆಗಲೇ ಚರ್ಚೆ ನಡೆದಿತ್ತಂತೆ. ಹಾಗಾದರೆ ಬದ್ಧತೆ ಎಂದರೇನು ಎಂದೆ.

"ಮೇಡಂ, ಅದು ಸ್ಟೂಡೆಂಟ್ಸಿಗೆ ಇರೋ ರೂಲು."

ಬೇಕಾದರೆ ಅವಳನ್ನು ಆ ಕಾಗದದ ಕಟ್ಟಿನಿಂದ ಬಿಡುಗಡೆ ಮಾಡುತ್ತೇವೆ ಎಂದೂ ಹೇಳಿದರು. ಬಿಡುಗಡೆಯಾಗಿ ಅವಳು ಎಲ್ಲಿಗೆ ಹೋಗಬೇಕು? ಅಷ್ಟರಲ್ಲಿ ಆ ಆರೂ ಕಾಲೇಜುಗಳು ತಮ್ಮ ಪಟ್ಟಿ ಮುಗಿಸಿದ್ದವು.

ಕಳೆದ ವಾರ ಕ್ಷಮೆ ಕೇಳಲೆಂದು ಅವಳ ಮನೆಗೆ ಹೋಗಿದ್ದೆ. ಗಣಿಯ ಕ್ಯಾಂಟೀನಿನಲ್ಲಿ ಕೆಲಸಕ್ಕೆ ಹೇಳಿಟ್ಟಿದ್ದಾಳೆ. ಬೈದಿದ್ದರೆ ಚೆನ್ನಾಗಿತ್ತು. "ಮಾತು ಕೊಟ್ಟಿದ್ವಲ್ಲ, ನೀವು ಹೇಳಿದ್ದು ಸರೀನೇ" ಎಂದು ನನಗೇ ಸಮಾಧಾನ ಹೇಳಿ ಕಾಫಿ ಕೊಟ್ಟಳು.

ನಿಮ್ಮ ವಿಷಾದ ನನಗೆ ಬೇಡ. ಆ ಆರು ಕಾಲೇಜುಗಳಿಗೂ ನೀವೇ, ನಿಮ್ಮ ಸಹಿ ಹಾಕಿ, ಬರೆಯಿರಿ: ಈ ಹುಡುಗಿ ಅರ್ಜಿ ವಾಪಸ್ ಪಡೆದದ್ದು ನಮ್ಮನ್ನು ನಂಬಿ, ಮಾತು ತಪ್ಪಿದವರು ನಾವು, ದಯವಿಟ್ಟು ಅವಳ ಅರ್ಜಿಯನ್ನು ಮತ್ತೆ ನೋಡಿ. ಈ ತಿಂಗಳು ಮುಗಿಯುವುದರೊಳಗೆ ಬರೆಯಿರಿ.

ಇಂತಿ,
ಎದುರಿಗೆ ಕೂತ ಹುಡುಗಿಗಿಂತ ನಿಮ್ಮನ್ನೇ ಹೆಚ್ಚು ನಂಬಿದ
ಕಾರಿನ್ ಲಿಂಡ್