ಆಂಟಿವೈರಸ್ಸಿನ ತಪ್ಪಲ್ಲ, ಅಪ್ಪಾ

ಅಪ್ಪಾ,

ಎದ್ದ ತಕ್ಷಣ ಆಂಟಿವೈರಸ್ಸನ್ನು ಕಿತ್ತುಹಾಕಲು ಕೂರಬೇಡ. ಕಂಪ್ಯೂಟರ್ ಯಾಕೆ ಆಮೆಯಾಗಿದೆ ಅಂತ ಗೊತ್ತಾಯಿತು. ಕಳ್ಳ ಮನೆಯೊಳಗೇ ಇದ್ದಾನೆ.

ಮಧ್ಯಾಹ್ನ ಯಾರೂ ಅದನ್ನು ಮುಟ್ಟುವುದಿಲ್ಲವಲ್ಲ ಅಂತ ವೈರಸ್ ಹುಡುಕುವ ಕೆಲಸವನ್ನು ಆ ಹೊತ್ತಿಗೇ ಇಟ್ಟಿದ್ದೆ. ನೀನೋ, ಊಟ ಮುಗಿಸಿ ಮಲಗುವ ಮುಂಚೆ ಮನೆಯ ಸ್ವಿಚ್ಚುಗಳನ್ನೆಲ್ಲ ಆರಿಸಿಕೊಂಡು ಬರುತ್ತೀ. ಅದರ ಜೊತೆ ಇದೂ ಆರುತ್ತದೆ. ಸಂಜೆ ಅಮ್ಮ ಮಕ್ಕಳಿಗೆ ಆನ್‌ಲೈನಿನಲ್ಲಿ ಗಣಿತದ ಪಾಠ ಹೇಳಲೆಂದು ಆನ್ ಮಾಡಿದ ಕೂಡಲೇ ಅದು ಬಾಕಿ ಉಳಿದ ಹುಡುಕಾಟ ಶುರುಮಾಡುತ್ತದೆ. ಪರದೆಯ ಮೇಲೆ ಅಮ್ಮನ ಬಾಯಿ ತೆರೆದದ್ದು ತೆರೆದಂತೆಯೇ ನಿಂತುಬಿಡುತ್ತದೆ, ಮಕ್ಕಳು ಕಿಸಕ್ಕೆಂದು ನಗುತ್ತಾರೆ. ನಿನ್ನೆ ಪಾತ್ರೆ ತೊಳೆಯುತ್ತಾ, "ಸಾಕಾಯ್ತು ಕಣೇ, ಪಾಠ ನಿಲ್ಲಿಸಿಬಿಡ್ತೀನಿ" ಅಂದಳು. ಅವಳು ನಿಲ್ಲಿಸಲು ನಾನು ಬಿಡುವುದಿಲ್ಲ.

ಕಂಪ್ಯೂಟರನ್ನು ಆನ್ ಮಾಡಿಯೇ ಕೆಲಸಕ್ಕೆ ಹೋಗುತ್ತಿದ್ದೇನೆ. ಸಂಜೆಯವರೆಗೂ ಹಾಗೇ ಇರಲಿ. "ಕರೆಂಟೇನು ಪುಕ್ಕಟೆ ಬರುತ್ತಾ?" ಅನ್ನಬೇಡ. ಮಧ್ಯಾಹ್ನ ಗುರ್ ಅಂದರೆ ಗಾಬರಿಯಾಗಬೇಡ, ಅದು ತನ್ನ ಕೆಲಸ ಮಾಡುತ್ತಿದೆ ಅಷ್ಟೆ. ಸ್ವಿಚ್ಚಿಗೆ ಟೇಪ್ ಅಂಟಿಸಿದ್ದೇನೆ. ಕಿತ್ತರೆ ಇನ್ನೂ ದಪ್ಪದ್ದು ತರುತ್ತೇನೆ.

ಇದೆಲ್ಲ ಯಾರ ಕೆಲಸ ಅಂತ ಅಮ್ಮನಿಗೆ ಹೇಳಿಲ್ಲ. ಹೇಳುವ ಹಾಗೆ ಮಾಡಬೇಡ.

ಹುಟ್ಟುಗುಣ ಸುಟ್ಟರೂ ಹೋಗದು, ಗೊತ್ತು. ಏನನ್ನೂ ಆರಿಸದೆ ಮಲಗಿದರೆ ನಿನಗೆ ನಿದ್ದೆ ಹತ್ತುವುದಿಲ್ಲ ಅನ್ನುವುದೂ ಗೊತ್ತು. ಅದಕ್ಕೇ ನಿನ್ನ ಮಂಚದ ಪಕ್ಕದ ಲೈಟನ್ನು ಉರಿಯಲು ಬಿಟ್ಟಿದ್ದೇನೆ. ಊಟವಾದ ಮೇಲೆ ಅದನ್ನು ಆರಿಸಿ ಮಲಗು.

ದೊಡ್ಡವಳು