ಗಗನಣ್ಣನ ಎಡಗಿವಿ

ಬಾತೆಲ್, ಅಮೆರಿಕ
ಜೂನ್ 12, 2006

ಪ್ರೀತಿಯ ಸುಮಿತ್ರತ್ತೆಗೆ ಸುಪ್ರಿಯಾಳ ನಮಸ್ಕಾರಗಳು.

ರಜೆಗೆ ಮನೆಗೆ ಬಂದಿರುವ ಗಗನಣ್ಣ ಎಡಚನಾದರೂ ಇವತ್ತು ಬೆಳಿಗ್ಗೆ ಫೋನನ್ನು ಬಲಗಿವಿಗೆ ಹಿಡಿದದ್ದನ್ನು ಗಮನಿಸಿದೆ. ಅವನ ಎಡಗಿವಿ ಕರಿದ ಸಂಡಿಗೆಯಂತೆ ಮುದುಡಿ ಗಟ್ಟಿಯಾಗಿದೆ. ರಗ್ಬಿ ಆಟದಲ್ಲಿ ಎಂಟೆಂಟು ಜನ ತಲೆ ತಗ್ಗಿಸಿ ಎದುರುಬದುರು ತಳ್ಳುವಾಗ ಮೊದಲ ಸಾಲಿನವರ ಕಿವಿ ಉಜ್ಜಿ ಉಜ್ಜಿ ಹೀಗಾಗುತ್ತದೆ. ಅದನ್ನು ನೋಡಿಯೇ ಎರಡು ಸಂಬಂಧ ತಪ್ಪಿದವು. ಅದಕ್ಕೇ ನೀವು, "ಮೈಸೂರಿನ ಹುಡುಗೀಗೆ ಕಿವಿ ಕಾಣದ ಹಾಗೆ ಒಂದು ಫೋಟೋ ಕಳ್ಸೇ" ಎಂದಿರಿ.

ಫೋನ್ ಇಂಗ್ಲೆಂಡಿನ ಅವನ ಕ್ಲಬ್‌ನಿಂದ ಬಂದಿತ್ತು. ಇಲ್ಲೇ ಹತ್ತಿರದ ಎವರೆಟ್‌ನ ಎಂಜಿನಿಯರ್ ಕೆಲಸ ಬಿಟ್ಟು ಹೋಗಿ ಮೊದಲೆರಡು ವರ್ಷ ಬೆಂಚಿನಲ್ಲೇ ಕೂತವನನ್ನು ಈಗ ತಂಡದ ನಾಯಕನನ್ನಾಗಿ ಮಾಡಿದ್ದಾರೆ!

"ಕ್ಯಾಪ್ಟನ್ನೇನೋ!" ಎಂದು ಅಪ್ಪ ಕೂಗಿದ್ದು ಪಕ್ಕದ ಮನೆಗೂ ಕೇಳಿಸಿರಬೇಕು. ಅಮ್ಮ ಅವನ ಬಾಯಿಗೆ ಸಕ್ಕರೆ ಹಾಕುತ್ತಲೇ, "ಈಗ್ಲಾದ್ರೂ ಕಿವಿ ಆಪರೇಷನ್ ಮಾಡಿಸ್ಕೊಳ್ಳೋ" ಎಂದರು.

"ಎಂಜಿನಿಯರಿಂಗ್ ಡಿಗ್ರೀನ ಫ್ರೇಮ್ ಹಾಕ್ಸಿ ಗೋಡೇಗೆ ಹಾಕಿದೀಯಲ್ಲಮ್ಮಾ, ಇದು ನನ್ನ ಇನ್ನೊಂದು ಡಿಗ್ರಿ" ಎಂದು ಅಣ್ಣ ಜೋರಾಗಿ ನಕ್ಕ. ಆ ಕ್ಷಣವೇ ನಾನು ಕ್ಯಾಮೆರಾದ ಗುಂಡಿ ಒತ್ತಿದೆ.

ಕೂದಲಿನಿಂದ ಕಿವಿ ಮುಚ್ಚಿಸಿ ತೆಗೆದ ಹಿಂದಿನ ಫೋಟೋಗಳಲ್ಲಿ ಅವನು ಒಮ್ಮೆಯೂ ನಕ್ಕಿರಲಿಲ್ಲ. ಮಧ್ಯಾಹ್ನ ಇವತ್ತಿನ ಫೋಟೋದ ಎರಡು ಪ್ರತಿ ಹಾಕಿಸಿದೆ. ನಿಮ್ಮದು ಈ ಲಕೋಟೆಯಲ್ಲಿದೆ. ದಯವಿಟ್ಟು ಎಡಗಿವಿ ಕಾಣುವ ಅಂಚು ಕತ್ತರಿಸಬೇಡಿ. ಇನ್ನೊಂದನ್ನು ಆ ಹುಡುಗಿಯ ಹೆಸರಿಗೇ ನೇರವಾಗಿ ಇವತ್ತು ಅಂಚೆಗೆ ಹಾಕುತ್ತಿದ್ದೇನೆ. ಅಮ್ಮನಿಗೆ ಹೇಳಿಲ್ಲ.

ನಿಮ್ಮ ಕೋಪಕ್ಕೆ ಸಿದ್ಧಳಾಗಿರುವ
ಸುಪ್ರಿಯಾ