ಅತ್ತೆಯ ಕಿವಿ ಮಷೀನಿನ ಒಂದು ಮುಚ್ಚಳದ ಬಗ್ಗೆ

ಬೆಲೆಗಳ ಮೇಲೆ ಕಣ್ಣಿಡಬೇಕಾದ ಇಲಾಖೆಯ ಹಿರಿಯ ಅಧಿಕಾರಿಗಳೇ,

ಇವತ್ತು ನನಗೆ ಉಪವಾಸ. ಬೆಳಗಾಗೆದ್ದು ನೀರು ಹಿಡಿದು, ಮೆಟ್ಟಿಲು ಗುಡಿಸಿ, ದೀಪ ಹಚ್ಚಿ, ಈ ದಿನವಾದರೂ ಯಾರ ಮೇಲೂ ದನಿ ಏರಿಸುವುದಿಲ್ಲ ಎಂದು ದೇವರಿಗೆ ಕೈಮುಗಿದು ಎದ್ದೆ. ಎದ್ದವಳೇ ಅತ್ತೆಯ ಮುಂದೆ ನಿಂತು "ಮಾತ್ರೆ ತಗೊಂಡ್ರಾ?" ಎಂದು ಬೀದಿಗೆಲ್ಲ ಕೇಳುವಂತೆ ಕಿರುಚಿದೆ. ದೀಪದ ಎಣ್ಣೆ ಮುಗಿಯುವ ಮೊದಲೇ ಮಾತು ತಪ್ಪಿದ ಪಾಪ ನನ್ನದು. ಅದರಲ್ಲಿ ನಿಮ್ಮ ಪಾಲೂ ಇದೆ ಎಂದು ಹೇಳಲಿಕ್ಕೇ ಪತ್ರಿಕೆಯ ಮೂಲಕ ಈ ಪತ್ರ. ಅತ್ತೆಯ ಕಿವಿ ಮಷೀನಿನ ಬ್ಯಾಟರಿ ಮುಚ್ಚಳ ಮುರಿದಿದೆ. ಮಷೀನಿಗೆ ಬೇರೇನೂ ಆಗಿಲ್ಲ. ಆ ಮುಚ್ಚಳಕ್ಕೆ ಇಡೀ ಮಷೀನಿನ ಅರ್ಧ ಬೆಲೆ ಕೇಳುತ್ತಿದ್ದಾರೆ.

ಮುಚ್ಚಳವೆಂದರೆ ನನ್ನ ಕಿರುಬೆರಳಿನ ಉಗುರಿನಷ್ಟು ಪ್ಲಾಸ್ಟಿಕ್ಕು. ಅದರೊಳಗೆ ಕಾಳಿನಷ್ಟು ಬ್ಯಾಟರಿ. ಮುಚ್ಚಿದರೆ ಮಷೀನು ಶುರು, ಬಿಚ್ಚಿದರೆ ಬಂದ್. ಮಷೀನು ಕೊಂಡ ಅಂಗಡಿಗೇ ತೆಗೆದುಕೊಂಡು ಹೋದೆ. ತಣ್ಣಗಿನ ಕೋಣೆ, ಗಾಜಿನ ಕೌಂಟರು, ಅದರ ಹಿಂದೆ ಮುದ್ದಾದ ಹುಡುಗಿ.

"ಅಮ್ಮ, ಮುಚ್ಚಳ ಒಂದೇ ಬರಲ್ಲ. ಕೆಳಗಿನ ಭಾಗ ಪೂರ್ತಿ ಸೆಟ್ಟೇ ಹಾಕ್ಬೇಕು."

"ಕೆಳಗಿನ ಭಾಗ ಚೆನ್ನಾಗೇ ಇದೆಯಲ್ಲಮ್ಮ?"

"ಚೆನ್ನಾಗಿದ್ರೂ ಬದಲಾಯಿಸ್ಬೇಕು."

"ಬಿಚ್ಚಿದ ಹಳೇದನ್ನ ಏನ್ಮಾಡ್ತೀರಿ?"

"ಬಿಸಾಕ್ತೀವಿ."

"ಹಾಗಾದ್ರೆ ಬಿಸಾಕಿರೋದ್ರಲ್ಲಿ ಒಂದು ಮುಚ್ಚಳ ಹುಡುಕಿ ಕೊಡು ತಾಯಿ, ಪುಣ್ಯ ಬರುತ್ತೆ."

ಅವಳು ನಕ್ಕುಬಿಟ್ಟಳು. "ಅಯ್ಯೋ ಅಮ್ಮ, ಎಲ್ರೂ ಮುಚ್ಚಳ ಮುರಿದಿದೆ ಅಂತಾನೇ ಅಲ್ವಾ ತರೋದು!"

ಮಾನ್ಯರೇ, ಆ ಹುಡುಗಿ ಸುಳ್ಳು ಹೇಳಲಿಲ್ಲ. ಹಾಗಾದರೆ ಎಲ್ಲರ ಮಷೀನಿನಲ್ಲೂ ಮುರಿಯುವುದು ಅದೊಂದೇ ಎಂದು ಮಾಡಿದವರಿಗೆ ಗೊತ್ತು, ಮಾರುವವರಿಗೂ ಗೊತ್ತು. ಗೊತ್ತಿದ್ದೂ ಅದೊಂದನ್ನೇ ಬಿಡಿಯಾಗಿ ಇಡುವುದಿಲ್ಲವೆಂದರೆ ಏನೆನ್ನಬೇಕು? ವ್ಯಾಪಾರವೆನ್ನಬೇಕೇ, ಹೊಂಚು ಎನ್ನಬೇಕೇ? ನಾನು ಹಳ್ಳಿಯ ಶಾಲೆಯಲ್ಲಿ ನಾಲ್ಕಕ್ಷರ ಕಲಿತವಳು. ಇದಕ್ಕೆ ಕಾನೂನಿನ ಭಾಷೆಯಲ್ಲಿ ಇನ್ನೂ ಗೌರವದ ಹೆಸರೇನಾದರೂ ಇದ್ದರೆ ತಿಳಿಸಿ, ಹಾಗೇ ಕರೆಯುತ್ತೇನೆ.

ನಾನು ಮನೆಯಲ್ಲೇ ಕೂತು, ನಮ್ಮ ಕಟ್ಟಡದ ಕೆಳಗಿರುವ ದರ್ಜಿ ಅಂಗಡಿಗೆ ಅಂಗಿಗಳ ಗುಂಡಿ ಹೊಲಿದು ಕೊಡುತ್ತೇನೆ. ಒಳ್ಳೆಯ ಅಂಗಿಯಾದರೆ ಒಳಮಡಿಕೆಯಲ್ಲಿ ಒಂದು ಗುಂಡಿ ಹೆಚ್ಚಿಗೆ ಹೊಲಿದೇ ಕಳಿಸುವುದು ಪದ್ಧತಿ. ಗುಂಡಿ ಇವತ್ತಲ್ಲ ನಾಳೆ ಬೀಳುವುದೇ ಎಂದು ಹೊಲಿಯುವವರಿಗೆ ಗೊತ್ತಿರುತ್ತದೆ, ಅದಕ್ಕೆ. ಗುಂಡಿ ಬಿತ್ತೆಂದು ಬಂದವರಿಗೆ "ಗುಂಡಿ ಒಂದೇ ಬರಲ್ಲ, ಎದೆಪಟ್ಟಿ ಪೂರ್ತಿ ಬದಲಾಯಿಸಿ" ಎಂದು ನಾವು ಹೇಳಿದ್ದರೆ ಜನ ಸುಮ್ಮನೆ ಬಿಡುತ್ತಿದ್ದರೇ? ನೀವೇ ಮೊದಲು ಬಂದು ಅಂಗಡಿಗೆ ಬೀಗ ಜಡಿಯುತ್ತಿರಲಿಲ್ಲವೇ?

ಸೆಟ್ಟಿನ ಬೆಲೆ ನಮ್ಮ ಕೈಗೆಟುಕುವುದಲ್ಲ. ಹಾಗಾಗಿ ಮುಚ್ಚಳ ಮುರಿದಂದಿನಿಂದ ಅತ್ತೆ ಅದನ್ನು ಬೆರಳಿನಿಂದ ಒತ್ತಿ ಹಿಡಿದೇ ಕೇಳತೊಡಗಿದರು. ಬಲಗೈ ಸದಾ ಕಿವಿಯ ಹಿಂದೆ. ಟೇಪು ಸುತ್ತಿ ನೋಡಿದೆ. ಅದರ ಕರಕರ ಸದ್ದು ಕಿವಿಯೊಳಗೆ ಗುಡುಗಿನಂತೆ ಕೇಳುತ್ತದೆಂದು ಕಿತ್ತು ಹಾಕಿದರು. ಗುಂಡಿಗಳನ್ನು ಬಣ್ಣ ನೋಡಿ ಬೇರೆ ಮಾಡಿಕೊಡುತ್ತಿದ್ದವರು ಒಂದೇ ಕೈಯಲ್ಲಿ ತಡಕಾಡುವಂತಾಯಿತು. ಕೈ ಸೋತರೆ ಇಳಿಸುತ್ತಿದ್ದರು, ಮಾತು ಅರ್ಧಕ್ಕೇ ತುಂಡಾಗುತ್ತಿತ್ತು. ಬರಬರುತ್ತಾ ಯಾವ ಮಾತಿಗೆ ಕೈ ಎತ್ತಬೇಕು ಎಂದು ಆರಿಸಿಕೊಳ್ಳತೊಡಗಿದರು. ಸಂಜೆ ನಾನು ಪ್ರಾರ್ಥನೆ ಓದುವಾಗ ಕೈ ಮೇಲೆ ಹೋಗುತ್ತಿತ್ತು. ಇವತ್ತು ಸಾರಿಗೆ ಉಪ್ಪು ಹೆಚ್ಚಾಯಿತೇ ಎಂದು ನನ್ನ ಯಜಮಾನರು ಕೇಳಿದರೆ ಕೈ ತೊಡೆಯ ಮೇಲೇ ಇರುತ್ತಿತ್ತು.

ಆದರೆ ಫೋನಿಗೆ ಏನು ಮಾಡುವುದು? ಅತ್ತೆಗೆ ಒಬ್ಬ ತಂಗಿ ಇದ್ದಾರೆ, ದೂರದ ಊರಿನಲ್ಲಿ. ಅವರು ಹಾಸಿಗೆ ಹಿಡಿದಿದ್ದಾರೆ. ಇನ್ನು ಅಕ್ಕತಂಗಿಯರ ಭೇಟಿ ಏನಿದ್ದರೂ ಫೋನಿನಲ್ಲೇ. ಮಷೀನಿರುವ ಕಿವಿಗೆ ಫೋನು ಹಿಡಿದರೆ ಬೆರಳಿಗೆ ಜಾಗವಿಲ್ಲ, ಬೆರಳು ಇಟ್ಟರೆ ಫೋನಿಗೆ ಜಾಗವಿಲ್ಲ. ತಂಗಿ ಹೇಳಿದ್ದನ್ನು ನಾನು ಅತ್ತೆಗೆ ಕೂಗಿ ದಾಟಿಸಬೇಕು.

"ಕಾಲುನೋವು ಹೇಗಿದೆ ಅಂತ ಕೇಳ್ತಿದ್ದಾರೆ!"

"ಕಾಲು ಹಾಗೇ ಇದೆ. ಅವಳ ನಾಲಿಗೆ ಚೆನ್ನಾಗಿದ್ಯಾ ಅಂತ ಕೇಳು."

ನಗು ಬರುತ್ತಿತ್ತು, ನಿಜ. ಆದರೆ ಗೋಡೆಗಳು ತೆಳು. ಅತ್ತೆಗೆ ಹೊಟ್ಟೆ ಸರಿಹೋಯಿತೇ ಇಲ್ಲವೇ ಎಂಬುದು ಇಡೀ ಕಟ್ಟಡಕ್ಕೆ ಗೊತ್ತು. ಪಕ್ಕದ ಮನೆಯಾಕೆ ಒಂದು ದಿನ ಮೆಟ್ಟಿಲ ಮೇಲೆ ನನ್ನನ್ನು ತಡೆದು, "ವಯಸ್ಸಾದವರನ್ನ ಹಾಗೆ ಬಯ್ಬಾರ್ದು ಕಣ್ರೀ" ಎಂದರು. ಏನು ಹೇಳಲಿ? ಅಕ್ಕರೆಯ ಮಾತನ್ನು ಕಿರುಚಿ ಹೇಳಲು ಬರುವುದಿಲ್ಲ, ಮಾನ್ಯರೇ. ಕಿರುಚಿದ ಮೇಲೆ ಯಾವ ಮಾತಾದರೂ ಬೈಗುಳವೇ.

ಕೊನೆಗೆ ನನ್ನ ಬುದ್ಧಿಗೆ ತೋಚಿದ್ದು ಅಂಟು. ಮುಚ್ಚಳವನ್ನು ಕೂಡಿಸಿ ಗಟ್ಟಿಯಾಗಿ ಅಂಟಿಸಿಬಿಟ್ಟೆ. ಆ ನಾಲ್ಕು ದಿನ ನಮ್ಮ ಮನೆಯ ಸುಖವೇ ಸುಖ! ಅತ್ತೆಯ ಎರಡು ಕೈಯೂ ಬಿಡುವು. ಕಿವಿ ಕಾದುಹೋಗುವಷ್ಟು ಹೊತ್ತು ತಂಗಿಯ ಜೊತೆ ಜಗಳವಾಡಿದರು. ಆಮೇಲೆ ಬ್ಯಾಟರಿ ಸತ್ತಿತು. ಬ್ಯಾಟರಿ ಎಂದರೆ ಮುಗಿದುಹೋಗುವ ವಸ್ತು ಎನ್ನುವುದನ್ನೇ ನಾನು ಮರೆತಿದ್ದೆ. ದರ್ಜಿ ಅಂಗಡಿಯ ಮಾಸ್ತರರು ಉಸಿರು ಬಿಗಿಹಿಡಿದು ಸೂಜಿಯ ಮೊನೆಯಿಂದ ಬಿಡಿಸಿದರು. ಮುಚ್ಚಳ ಚೂರುಚೂರಾಗಿ ಉದುರಿತು.

"ಅಕ್ಕ, ಮಷೀನು ಉಳೀತು. ಮುಚ್ಚಳ ಹೋಯ್ತು," ಎಂದರು.

ಈಗ ಬೆರಳಿಗೂ ಒತ್ತಲು ಏನೂ ಇಲ್ಲ. ಅತ್ತೆ ನಮ್ಮಿಬ್ಬರ ಮುಖ ನೋಡುತ್ತಾ "ಏನಂತೆ?" ಎಂದರು. "ಏನಿಲ್ಲ ಅತ್ತೆ!" ಎಂದು ಕೂಗಿದೆ. "ಏನಿಲ್ಲ ಅನ್ನೋದಕ್ಕೆ ಇಷ್ಟು ಜೋರಾಗಿ ಯಾಕೆ ಕೂಗ್ತೀಯೇ?" ಎಂದರು.

ಹೋದ ವಾರ ತಂಗಿಯ ಫೋನು ಬಂದಾಗ ನಾನು ಎಂದಿನಂತೆ ದಾಟಿಸಲು ಹೋದೆ. ಅತ್ತೆ ಕೈ ಅಡ್ಡ ಹಿಡಿದರು. "ಬಿಡಮ್ಮ. ಮಾತು ನೀನು ಹೇಳ್ತೀಯ. ಅವಳ ದನಿ ತರಕ್ಕಾಗುತ್ತಾ ನಿನ್ನ ಕೈಲಿ? ನಾನು ಮಲಗಿದ್ದೀನಿ ಅನ್ನು." ಹಾಗೇ ಅಂದೆ. ಆ ಕಡೆಯಿಂದ ಅವರು, "ಈ ಹೊತ್ತಲ್ಲಿ ಮಲಗೋಳಲ್ಲ ನಮ್ಮಕ್ಕ. ನಿಜ ಹೇಳು, ಇದ್ದಾಳಾ?" ಎಂದು ಅಳತೊಡಗಿದರು. ಇದ್ದಾರೆ ಎಂದು ಆಣೆ ಇಟ್ಟು ಹೇಳಿದೆ. ನಂಬಿದರೋ ಇಲ್ಲವೋ ದೇವರಿಗೇ ಗೊತ್ತು.

ನಿಮ್ಮ ಕಚೇರಿಗೂ ಬಂದಿದ್ದೆ. ಕಿಟಕಿಯ ಒಳಗಿದ್ದವರು ಒಳ್ಳೆಯವರೇ, ಕೂರಲು ಬೆಂಚು ತೋರಿಸಿದರು. "ಬಿಡಿಭಾಗದ ಬೆಲೆ ನಮ್ಮ ವ್ಯಾಪ್ತಿಗೆ ಬರಲ್ಲಮ್ಮ, ಇಡೀ ಮಷೀನಿನ ದೂರಾದ್ರೆ ತಗೋಬಹುದು," ಎಂದರು. ಅಂಗಡಿಯವರದೂ ನಿಮ್ಮದೂ ಒಂದೇ ಮಾತು ನೋಡಿ, ಇಡೀದೇ ಬೇಕು. ನನ್ನ ಹತ್ತಿರ ಇಡೀ ದುಃಖ ಒಂದಿದೆ, ಅದು ಯಾರ ವ್ಯಾಪ್ತಿಗೆ ಬರುತ್ತದೆ?

ನಾನು ಪುಕ್ಕಟೆ ಕೇಳುತ್ತಿಲ್ಲ. ಮಷೀನು ಮಾರುವವರು ಅದರ ಮುರಿಯುವ ಭಾಗವನ್ನೂ ಬಿಡಿಯಾಗಿ, ಅದಕ್ಕೆ ತಕ್ಕ ಬೆಲೆಗೆ ಮಾರಲೇಬೇಕು ಎಂದು ಒಂದು ಆದೇಶ ಮಾಡಿ. ಅದಕ್ಕೆ ಸಭೆ, ಸಮಿತಿ, ವರದಿ ಎಲ್ಲ ಬೇಕಾಗುತ್ತದೆಂದು ಬಲ್ಲೆ. ಆದರೆ ಆ ಇಬ್ಬರು ಮುದುಕಿಯರಿಗೆ ಅಷ್ಟು ಕಾಯುವ ವಯಸ್ಸಿಲ್ಲ. ಅಲ್ಲಿಯವರೆಗೆ ಒಂದೇ ಒಂದು ಮುಚ್ಚಳ ಕೊಡಿಸಿ. ಇನ್ನೇನು ಕೇಳಬೇಕೆಂದು ನನಗೆ ತಿಳಿಯುತ್ತಿಲ್ಲ.

ಇಂತಿ,
ಬೇರೆ ದಾರಿ ಕಾಣದೆ ನಿಮಗೆ ಬರೆದ,
ಗುಂಡಿ ಹೊಲಿಯುವ ಹೆಂಗಸು

ಪತ್ರಿಕೆಯಲ್ಲಿ ಇದನ್ನು ಓದುವ ನಮ್ಮ ಕಟ್ಟಡದವರಲ್ಲಿ ಒಂದು ಕೋರಿಕೆ: ಅಧಿಕಾರಿಗಳ ಉತ್ತರ ಬಂದರೆ ಅಂಚೆಯವರು ಕೆಳಗೆ ದರ್ಜಿ ಅಂಗಡಿಯಲ್ಲೇ ಕೊಟ್ಟು ಹೋಗುತ್ತಾರೆ. ಮೇಲೆ ಬರುವವರು ಯಾರಾದರೂ ತಂದುಕೊಡಿ. ನಾನಿಲ್ಲದಿದ್ದರೆ ಬಾಗಿಲು ತಟ್ಟುತ್ತಾ ನಿಲ್ಲಬೇಡಿ, ತಳ್ಳಿಕೊಂಡು ಒಳಗೆ ಬನ್ನಿ. ಅತ್ತೆ ಕಿಟಕಿಯ ಹತ್ತಿರ ಕೂತಿರುತ್ತಾರೆ. ಹಿಂದಿನಿಂದ ಹೋಗಿ ಮುಟ್ಟಬೇಡಿ, ಬೆಚ್ಚಿಬೀಳುತ್ತಾರೆ. ಸುತ್ತು ಹಾಕಿ ಎದುರಿಗೆ ಬಂದು ನಿಲ್ಲಿ.